ಕಡೆಗೆ ಬಂದವನ ಅಧಿಕಾರ

ಯಾವುದೇ ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ನಿರ್ಣಯಿಸಿಕೊಳ್ಳತಕ್ಕದ್ದೆಂಬುದು ನಮ್ಮ ಪೂರ್ವಿಕರ ಪದ್ಧತಿ. ಇವುಗಳಲ್ಲಿ ಉಳಿದ ಮೂರನ್ನು ಪಾಠಶಾಲೆಯ ಹುಡುಗನೂ ಒಪ್ಪಿಸಿಬಿಡುತ್ತಾನೆ; ಅಧಿಕಾರಿಯ ಮಾತು ಬಂದಾಗ ಮಾತ್ರ ಪಂಡಿತರಲ್ಲಿಯೂ ತಕರಾರು ಏಳುವುದುಂಟು. ಆದರೆ ಅವರು ಮುಖ್ಯವಾಗಿ ವಿಚಾರಿಸಿದ್ದು ಓದುವುದಕ್ಕೆ ಯಾರು ಅಧಿಕಾರಿ ಎಂಬುದನ್ನು. ಓದಿದ ಮೇಲೆ, ಕೇಳಿದ ಮೇಲೆ, ತೀರ್ಪು ಹೇಳುವುದಕ್ಕೆ ಯಾರು ಅಧಿಕಾರಿ ಎಂಬುದು ಬೇರೆಯೇ ಪ್ರಶ್ನೆ. ಒಬ್ಬನಾಗಲಿ ಒಂದು ತಂಡವಾಗಲಿ ಐವತ್ತು ಅರುವತ್ತು ವರ್ಷ ದುಡಿದು ರಾಶಿ ಹಾಕಿದ ಕೃತಿಗಳ ಮುಂದೆ, ಎಲ್ಲವೂ ಮುಗಿಯುತ್ತ ಬಂದ ಹೊತ್ತಿಗೆ ಬಂದು ನಿಂತ ಹೊಸಬನು, ಅದರಲ್ಲಿ ಎಷ್ಟನ್ನು ಕೇಳಿ, ಯಾವ ಕ್ರಮದಲ್ಲಿ ಕೇಳಿ, ಯಾವಾಗ ಬಾಯಿ ತೆರೆಯಬಹುದು? ಈ ಲೇಖನದಲ್ಲಿ ಅದನ್ನು ವಿಚಾರಿಸುವ ಉದ್ದೇಶವಿದೆ.

ಈ ವಿಚಾರಕ್ಕೆ ನಿಮಿತ್ತವಾದುದನ್ನು ಕೇಳಿ ವಾಚಕರು ನಗಬಹುದು, ನಗಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮೊಮ್ಮಗನು ಕಳೆದ ಮಳೆಗಾಲದಲ್ಲಿ ನನ್ನ ಮೊಬೈಲಿಗೆ ಇಂಗ್ಲೆಂಡಿನ ಒಂದು ವಾದ್ಯತಂಡದ ಧ್ವನಿಮುದ್ರಿಕೆಗಳನ್ನೆಲ್ಲ ತುಂಬಿ, ಹಾಡುಗಳ ಮಾತುಗಳನ್ನು ಅಚ್ಚು ಹಾಕಿಸಿ ಕೈಯಲ್ಲಿಟ್ಟು ಹೋದನು. ಕಳಸದ ಕಡೆಯ ಆಷಾಢದ ಮಳೆಯನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಂಗಳಕ್ಕೂ ಇಳಿಯಲಾರದ ಆ ದಿನಗಳಲ್ಲಿ ಮನುಷ್ಯನು ಏನನ್ನಾದರೂ ಕೇಳಿಯಾನು. ಆ ತಂಡದ ಹೆಸರು ಜೆತ್ರೋ ಟಲ್. 1967ರಲ್ಲಿ ಕಟ್ಟಿದ್ದು, ಅದರ ಇತ್ತೀಚಿನ ಮುದ್ರಿಕೆಗಳಲ್ಲೊಂದು 2025ರಲ್ಲಿ ಹೊರಬಂದಿದೆ. 'ಪ್ರಗತಿಶೀಲ ರಾಕ್' ಎಂದು ಅಲ್ಲಿಯವರು ಕರೆಯುವ ಸಂಗೀತವಿದು. ಮೂರು ನಿಮಿಷದ ಕುಣಿತದ ಹಾಡಿಗೆ ಬೇಸತ್ತ ತರುಣರು ಅರುವತ್ತರ ದಶಕದ ಕೊನೆಯಲ್ಲಿ ತಮ್ಮ ಶಾಸ್ತ್ರೀಯ ಸಂಗೀತದಿಂದಲೂ ಹಳ್ಳಿಯ ಹಾಡುಗಳಿಂದಲೂ ಕಡ ತಂದು, ತಾಳಗಳನ್ನು ಮುರಿದು ಕಟ್ಟಿ, ಒಂದೊಂದು ಹಾಡನ್ನು ನಮ್ಮ ಪಲ್ಲವಿಯ ವಿಸ್ತಾರಕ್ಕೆ ಬೆಳೆಸಿದರು. ಜೆತ್ರೋ ಟಲ್ಲರ 1969ರ ಒಂದು ಹಾಡು ಐದು ಐದು ಎಣಿಕೆಗಳಲ್ಲಿ ನಡೆಯುತ್ತದೆ. ಖಂಡನಡೆ ಬಲ್ಲವನ ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ.

ಸಂಸ್ಕೃತ ಓದಿದವನಿಗೆ ಇದು ತಕ್ಕದ್ದೇ ಎಂದು ಕೇಳುವವರು ಮುತ್ತುಸ್ವಾಮಿ ದೀಕ್ಷಿತರನ್ನು ನೆನೆಯಬೇಕು. ಬ್ರಿಟಿಷ್ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟ್ಟುಸ್ವರಗಳನ್ನು ರಚಿಸಿದವರು ಅವರು. ನಾನು ರಚಿಸುತ್ತಿಲ್ಲ, ಬರಿದೆ ಕೇಳುತ್ತಿದ್ದೇನೆ.

ತಂಡದ ಹೆಸರಿನ ವೃತ್ತಾಂತವು ಕೃಷಿಕರಾದ ನಮ್ಮ ಜಿಲ್ಲೆಯವರಿಗೆ ರುಚಿಸತಕ್ಕದ್ದು. ಆರಂಭದಲ್ಲಿ ಈ ತರುಣರು ಒಂದೊಂದು ವಾರಕ್ಕೊಂದು ಹೆಸರಿಟ್ಟುಕೊಳ್ಳುತ್ತಿದ್ದರಂತೆ. ಒಮ್ಮೆ ಬೇಡವೆಂದ ಕ್ಲಬ್ಬಿನವರು ಹೊಸ ಹೆಸರಿಗಾದರೂ ಮತ್ತೆ ಕರೆಯಲಿ ಎಂಬ ಉಪಾಯ. ಅವರ ಕಾರ್ಯಕ್ರಮಗಳನ್ನು ಗೊತ್ತುಪಡಿಸುತ್ತಿದ್ದ ಕಚೇರಿಯಲ್ಲಿ ಚರಿತ್ರೆ ಓದಿದವನೊಬ್ಬನು ಹದಿನೆಂಟನೆಯ ಶತಮಾನದ ಒಬ್ಬ ಬೇಸಾಯಗಾರನ ಹೆಸರನ್ನು ಕೊಟ್ಟನು. ಆ ಹೆಸರಿನಲ್ಲಿದ್ದಾಗ ಮರುಕರೆ ಬಂದದ್ದರಿಂದ ಅದೇ ನಿಂತಿತು. ಮೊದಲ ಮುದ್ರಿಕೆಯ ಮೇಲೆ ಅಚ್ಚಿನವರು ಅದನ್ನೂ ತಪ್ಪಾಗಿ 'ಜೆತ್ರೋ ಟೋ' ಎಂದು ಹಾಕಿದರು. ಮೂಲದ ಜೆತ್ರೋ ಟಲ್ (1674–1741) ಬೀಜ ಬಿತ್ತುವ ಯಂತ್ರವನ್ನು ಮಾಡಿದವನು. ನಮ್ಮ ಬಯಲುಸೀಮೆಯ ರೈತನ ಕೂರಿಗೆ ಅವನಿಗಾಗಿ ಕಾದಿರಲಿಲ್ಲವೆಂಬುದು ಬೇರೆ ಮಾತು. ಅದೇ ಮಹಾಶಯನು ನುಣ್ಣಗೆ ಪುಡಿಯಾದ ಮಣ್ಣೇ ಗಿಡದ ಆಹಾರ, ಗೊಬ್ಬರ ಬೇಕಿಲ್ಲವೆಂದೂ ಸಾಧಿಸಿದನು. ಗೊಬ್ಬರದ ಮಾತನ್ನು ಮಾತ್ರ ಕೇಳಿದ ನಮ್ಮ ತೋಟಗಾರನು ಅವನನ್ನು ಮೂರ್ಖನೆಂದಾನು. ಯಂತ್ರವನ್ನು ಮಾತ್ರ ಕಂಡವನು ಮಹಾತ್ಮನೆಂದಾನು. ನಮ್ಮ ಪ್ರಶ್ನೆಯು ಈ ಹೆಸರಿನಲ್ಲಿಯೇ ಅಡಗಿದಂತಿದೆ.

ಇನ್ನು ವಿಚಾರಕ್ಕೆ ಬರೋಣ. ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಅನ್ನ ಬೆಂದಿತೇ ಎಂದು ತಿಳಿಯಲು ಪಾತ್ರೆಯ ಅಗುಳನ್ನೆಲ್ಲ ಹಿಸುಕಬೇಕಾಗಿಲ್ಲ, ಒಂದು ಅಗುಳು ಸಾಕು, ಸ್ಥಾಲೀಪುಲಾಕನ್ಯಾಯವೆಂಬುದು ಇದೇ. ಹಾಗೆಯೇ ಇಪ್ಪತ್ತಕ್ಕೂ ಮಿಕ್ಕ ಮುದ್ರಿಕೆಗಳನ್ನು ಕೇಳುವ ಶ್ರಮವೇಕೆ, ಒಂದನ್ನು ಕೇಳಿ ಸತ್ತ್ವವನ್ನು ತಿಳಿಯಬಾರದೇ? ಇದಕ್ಕೆ ಸಮಾಧಾನವು ಆ ನ್ಯಾಯದೊಳಗೇ ಇದೆ. ಒಂದಗುಳು ಉಳಿದವುಗಳಿಗೆ ಸಾಕ್ಷಿಯಾಗುವುದು ಯಾತಕ್ಕೆ? ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ, ಒಂದೇ ಹೊತ್ತು ಅವೆಲ್ಲಕ್ಕೂ ಸಮಾನವಾಗಿರುವುದರಿಂದ. ಮನುಷ್ಯನ ಕೃತಿಗಳು ಹಾಗೆ ಬೇಯುವುದಿಲ್ಲ. ಇಪ್ಪತ್ತೊಂದನೆಯ ವಯಸ್ಸಿನ ಉರಿ ಒಂದು, ಎಪ್ಪತ್ತೈದರ ಕೆಂಡ ಇನ್ನೊಂದು. 1968ರ ಅಗುಳು 1977ಕ್ಕೆ ಸಾಕ್ಷಿ ಹೇಳಲಾರದು. ಆದರೂ ಈ ನ್ಯಾಯವನ್ನು ನಾವು ಮನುಷ್ಯರ ಮೇಲೆ ಎಷ್ಟು ಧಾರಾಳವಾಗಿ ಪ್ರಯೋಗಿಸುತ್ತೇವೆ! ಮೂವತ್ತೈದು ವರ್ಷ ಹುಡುಗರ ನಡುವೆ ಇದ್ದ ನಾನು, ಒಂದು ವರ್ಷದ ಗಣಿತದ ಅಂಕಿಯನ್ನು ಹಿಡಿದು ಹುಡುಗನ ಬಾಳನ್ನೇ ಬೆಂದಿಲ್ಲವೆಂದು ಚೆಲ್ಲಿದ ತಂದೆಯರನ್ನು ಬಹಳ ಕಂಡಿದ್ದೇನೆ.

ಎರಡನೆಯ ಪಕ್ಷವು ನನ್ನ ಮೊಮ್ಮಗನದು. "ಅಜ್ಜಯ್ಯ, ಎಲ್ಲವನ್ನೂ ಕೇಳುತ್ತ ಕೂರಬೇಡಿ. ಅತ್ಯುತ್ತಮವಾದ ಹತ್ತು ಹಾಡುಗಳನ್ನು ಯಂತ್ರವೇ ಆರಿಸಿ ಕೊಡುತ್ತದೆ, ಅದನ್ನು ಕೇಳಿ" ಎಂದನು. ಹತ್ತು ಸಾಲದೆ ಎಂಬುದಕ್ಕಿಂತ, ಆರಿಸುವವರು ಯಾರು ಎಂಬುದು ಮುಖ್ಯ. ಹೊಸ ಮದುಮಗಳಿಗೆ ಅರುಂಧತೀ ನಕ್ಷತ್ರವನ್ನು ತೋರಿಸುವಾಗ ಮೊದಲು ಬಳಿಯ ದೊಡ್ಡ ತಾರೆಯನ್ನು ತೋರಿಸಿ, ದೃಷ್ಟಿ ನೆಲೆಗೊಂಡ ಮೇಲೆ ಅದನ್ನು ಬಿಡಿಸಿ ಸೂಕ್ಷ್ಮವಾದ ಅರುಂಧತಿಗೆ ಕೊಂಡೊಯ್ಯುವರಷ್ಟೆ. ಜನಪ್ರಿಯವಾದ ಹಾಡು ಆ ದೊಡ್ಡ ತಾರೆಯಂತೆ ಪ್ರಯೋಜನಕ್ಕೆ ಬರುವುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೋರಿಸುವ ಪುರೋಹಿತನು ಅರುಂಧತಿಯನ್ನು ಬಲ್ಲವನು. ದೊಡ್ಡದನ್ನು ಬಿಡು, ಇನ್ನು ಅದರ ಪಕ್ಕವನ್ನು ನೋಡು ಎಂದು ಹೇಳಬಲ್ಲವನು. ಯಂತ್ರಕ್ಕೆ ತಿಳಿದದ್ದು ಇತರರ ಕಣ್ಣು ಎಲ್ಲೆಲ್ಲಿ ನಿಂತಿತೆಂಬುದಷ್ಟೆ. ಅದು 'ಬಿಡು' ಎಂದು ಹೇಳುವುದೇ ಇಲ್ಲ. ಮೆಚ್ಚಿದ್ದನ್ನು ಹೋಲುವ ಇನ್ನೊಂದನ್ನು ಮುಂದಿಡುತ್ತದೆ. ಗತಾನುಗತಿಕತೆಗೆ ಇಷ್ಟು ಚುರುಕಾದ ವಾಹನವು ಹಿಂದೆಂದೂ ದೊರೆತಿರಲಿಲ್ಲ.

ಹಾಗಾದರೆ ಮೊದಲಿನಿಂದ ಕ್ರಮವಾಗಿ ಬರುವುದೇ ಸರಿಯೇ? ಉಪಾಧ್ಯಾಯವೃತ್ತಿಯವನಿಗೆ ಈ ಪಕ್ಷವು ಸಹಜವಾಗಿ ಹಿತವೆನಿಸುತ್ತದೆ. ಆದರೂ ನಾವು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಹುಟ್ಟಿದ ಕ್ರಮದಲ್ಲಿ ಕಲಿಯಲಿಲ್ಲ. ಶಬ್ದಗಳು, ಅಮರ, ಆಮೇಲೆ ರಘುವಂಶ. ವೇದಭಾಷೆಯ ಸೂಕ್ಷ್ಮಗಳು ಎಷ್ಟೋ ವರ್ಷಗಳ ಮೇಲೆ. ಚರಿತ್ರೆಯ ಕ್ರಮ ಬೇರೆ, ಪ್ರವೇಶದ ಕ್ರಮ ಬೇರೆ. ನಾನು ಪ್ರವೇಶಿಸಿದ್ದು ನಡುವಿನಿಂದ, 1978ರ 'ಹೆವಿ ಹಾರ್ಸಸ್' ಎಂಬುದರಿಂದ. ಉಳುವ ದೊಡ್ಡ ಕುದುರೆಗಳು ಟ್ರ್ಯಾಕ್ಟರಿಗೆ ಎಡೆ ಬಿಟ್ಟು ಹೊಲದಿಂದ ಮರೆಯಾದುದನ್ನು ಕುರಿತ ಹಾಡು ಅದರಲ್ಲಿದೆ. ನಮ್ಮ ಗದ್ದೆಗಳಿಗೆ ಟಿಲ್ಲರು ಬಂದ ವರ್ಷ ಕೊಟ್ಟಿಗೆಯಿಂದ ಜೋಡೆತ್ತು ಹೊರಟುಹೋದುದನ್ನು ಕಂಡವನಿಗೆ ಭಾಷ್ಯ ಬೇಕಾಗಿಲ್ಲ. ಆ ಒಂದು ಹಾಡು ಒಳಕ್ಕೆ ಕರೆದ ಮೇಲೆ ಹಿಂದಕ್ಕೆ ನಡೆದು ಮೊದಲನೆಯದಕ್ಕೆ ಹೋದೆನು.

ಮೊದಲನೆಯ ಮುದ್ರಿಕೆಗೆ (1968) ಇಟ್ಟ ಹೆಸರು 'ದಿಸ್ ವಾಸ್'. 'ಇದು ಇತ್ತು' ಎಂದು ಅರ್ಥ. ಹುಟ್ಟುವಾಗಲೇ ಭೂತಕಾಲವನ್ನು ಹಣೆಗೆ ಬರೆದುಕೊಂಡ ಕೃತಿಯಿದು. ಅಮೆರಿಕದ ನೀಗ್ರೋ ಜನಾಂಗದವರಿಂದ ಬಂದ ಬ್ಲೂಸ್ ಎಂಬ ಶೈಲಿಯಲ್ಲಿ ನಾವು ಇಲ್ಲಿಯವರೆಗೆ ನುಡಿಸುತ್ತಿದ್ದೆವು, ಮುಂದೆ ಹೀಗಿರೆವು ಎಂಬ ಸೂಚನೆ. ಇದನ್ನು ಕೇಳುವಾಗ ನನಗೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದ ನೆನಪಾಯಿತು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಅದೇ. ಅಲ್ಲಿ ವಾಸಂತಿಕಾದೇವಿಯ ಗುಡಿಯೂ ಹಳೆಯ ಬಸದಿಗಳೂ ಇವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನನ್ನು ನೋಡಿ ಅದೇ ಬೆರಗನ್ನು ನಿರೀಕ್ಷಿಸಿ ಅಂಗಡಿಗೆ ಹೋದವರು 'ಇಷ್ಟೇ?' ಎಂದು ಮರಳುವುದನ್ನು ಕಂಡಿದ್ದೇನೆ. ಅವರು ಅಂಗಡಿಯನ್ನು ನೋಡಲಿಲ್ಲ. ಬೇಲೂರಿನ ಅಭಾವವನ್ನು ನೋಡಿದರು. ಅಭಾವವೂ ಒಂದು ಪದಾರ್ಥವೆಂದು ತಾರ್ಕಿಕರು ಒಪ್ಪುವರಾದರೂ, ಅದನ್ನು ನೋಡುವುದಕ್ಕೆ ಬಸ್ಸು ಹತ್ತಿ ಹೋಗಬೇಕಾಗಿಲ್ಲ.

ಕೃತಿರಾಶಿಯ ತಾತ್ಪರ್ಯವನ್ನು ಯಾರಿಂದ ತಿಳಿಯತಕ್ಕದ್ದು ಎಂಬ ಇನ್ನೊಂದು ತೊಡಕಿದೆ. 1971ರ 'ಆಕ್ವಲಂಗ್' ಎಂಬುದನ್ನು ವಿಮರ್ಶಕರು ಒಂದೇ ಅಭಿಪ್ರಾಯವನ್ನು ಆದ್ಯಂತವಾಗಿ ಪ್ರತಿಪಾದಿಸುವ ಪ್ರಬಂಧವೆಂದು ಕೊಂಡಾಡಿದರು. ತಂಡದ ನಾಯಕನಾದ ಇಯಾನ್ ಆಂಡರ್ಸನ್ ಅಲ್ಲವೆಂದು ಪದೇ ಪದೇ ಹೇಳಿದನು. ಬಿಡಿ ಬಿಡಿಯಾದ ಹಾಡುಗಳು ಎಂದನು. ಯಾರೂ ಕೇಳಲಿಲ್ಲ. ಆಗ ಅವನು, ನಿಮಗೆ ಏಕಪ್ರಬಂಧವೇ ಬೇಕಾದರೆ ತೆಗೆದುಕೊಳ್ಳಿ ಎಂದು ಪರಿಹಾಸಕ್ಕಾಗಿ 1972ರಲ್ಲಿ 'ಥಿಕ್ ಆಸ್ ಎ ಬ್ರಿಕ್' ಎಂಬ, ಮುದ್ರಿಕೆಯ ಎರಡು ಮುಖಗಳನ್ನೂ ತುಂಬುವ ಒಂದೇ ಹಾಡನ್ನು ರಚಿಸಿದನು. ಎಂಟು ವರ್ಷದ ಒಬ್ಬ ಕಲ್ಪಿತ ಬಾಲಕನ ಪದ್ಯವಿದೆಂದು ಹೇಳಿ, ಹೊದಿಕೆಯನ್ನು ಹಳ್ಳಿಯ ವೃತ್ತಪತ್ರಿಕೆಯ ವಿಡಂಬನೆಯಾಗಿ ಅಚ್ಚು ಹಾಕಿಸಿದನು. ವಿನೋದವೇನೆಂದರೆ, ಪರಿಹಾಸಕ್ಕೆ ಹುಟ್ಟಿದ ಈ ಕೃತಿಯೇ ಆ ಸಂಪ್ರದಾಯದ ಉತ್ತಮ ನಿದರ್ಶನಗಳಲ್ಲೊಂದಾಗಿ ನಿಂತಿದೆ. ವಕ್ತೃವಿನ ಅಭಿಪ್ರಾಯವನ್ನು ಬದಿಗಿಟ್ಟು ಉಪಕ್ರಮ, ಉಪಸಂಹಾರ, ಅಭ್ಯಾಸ ಮೊದಲಾದ ಲಿಂಗಗಳಿಂದ ವಾಕ್ಯದ ತಾತ್ಪರ್ಯವನ್ನು ತಿಳಿಯುವ ಮೀಮಾಂಸಕರ ಮಾರ್ಗವು ಇಲ್ಲಿ ನೂರಕ್ಕೆ ನೂರು ಸಲ್ಲುತ್ತದೆ. ಆರಂಭದ ಮಟ್ಟು ಕಡೆಯಲ್ಲಿ ಮರಳುತ್ತದೆ. ನಡುವೆ ಹಲವು ಸಲ ವೇಷ ಬದಲಿಸಿ ತಲೆಯೆತ್ತುತ್ತದೆ. ಕರ್ತೃವು ನಗುತ್ತಿದ್ದನೇ ಎಂಬುದು ಕಡೆಗೆ ಕೇಳುವವನನ್ನು ಬಾಧಿಸುವುದಿಲ್ಲ.

ಅದರ ಮರುವರ್ಷದ 'ಎ ಪ್ಯಾಶನ್ ಪ್ಲೇ' ಪತ್ರಿಕೆಗಳವರ ಕೈಯಲ್ಲಿ ಬಹಳ ಪೆಟ್ಟು ತಿಂದಿತು. ಆದರೂ ಅಮೆರಿಕದಲ್ಲಿ ಮಾರಾಟದ ಪಟ್ಟಿಯ ತುದಿಗೇರಿತು. ಇದರ ನಡುವೆ ಕನ್ನಡಕ ಕಳೆದುಕೊಂಡ ಮೊಲವೊಂದರ ಕಥೆ ಬರುತ್ತದೆ. ಅನೇಕರಿಗೆ ಅದು ಅಸಂಬದ್ಧವೆನಿಸಿತಂತೆ. ಪಂಚತಂತ್ರವನ್ನು ಕಲಿಸಿದ ನನಗೆ ಮೊಲವು ಸಭೆಗೆ ಬಂದರೆ ಆಶ್ಚರ್ಯವಾಗಲಿಲ್ಲ. ಉಳಿದ ಭಾಗವೇ ಸ್ವಲ್ಪ ದೀರ್ಘವೆನಿಸಿತು. 1984ರ 'ಅಂಡರ್ ರ‍್ಯಾಪ್ಸ್'ನಲ್ಲಿ ಯಂತ್ರವೇ ತಾಳ ಬಾರಿಸುತ್ತದೆ. ಎರಡು ಸಲ ಕೇಳಿದೆನು. ಬೆಲ್ಲ ಹಿಂಡಿದ ಮೇಲಿನ ಕಬ್ಬಿನ ಸಿಪ್ಪೆ.

ಇಲ್ಲಿ ಮುಖ್ಯವಾದ ಪ್ರಶ್ನೆಗೆ ಬಂದೆವು. ಸಿಪ್ಪೆಯೆಂದು ಹೇಳುವುದಕ್ಕೆ ನನಗೆ ಅಧಿಕಾರವುಂಟೇ? ನನ್ನ ಅಭಿಪ್ರಾಯ ಹೀಗೆ. ಮೆಚ್ಚುವುದಕ್ಕೆ ಒಂದನ್ನು ಕೇಳಿದರೆ ಸಾಕು. ತಿರಸ್ಕರಿಸುವುದಕ್ಕೆ ಎಲ್ಲವನ್ನೂ ಕೇಳಿರಬೇಕು. ಇದು ಪಕ್ಷಪಾತವಲ್ಲವೇ, ಅಯೋಗ್ಯವಾದ ಹೊಗಳಿಕೆಯೂ ಅಸತ್ಯವೇ ಅಲ್ಲವೇ ಎಂದು ಆಕ್ಷೇಪಿಸಬಹುದು. ಹೌದು, ಅಸತ್ಯವೇ. ಆದರೆ ಎರಡರ ಗತಿ ಬೇರೆ. 'ಈ ಹಾಡು ಚೆನ್ನಾಗಿದೆ' ಎಂಬ ಮಾತು ಆ ಹಾಡಿನಲ್ಲಿಯೇ ನಿಲ್ಲುತ್ತದೆ. ಒಂದು ಹಾಡನ್ನು ಮೆಚ್ಚಿದೆವೆಂದು ಕರ್ತೃವಿಗೆ ಸರ್ವಸ್ವವನ್ನೂ ಯಾರೂ ಒಪ್ಪಿಸಿಬಿಡುವುದಿಲ್ಲ. 'ಇದು ಕೆಟ್ಟಿದೆ' ಎಂಬ ಮಾತು ನಿಲ್ಲುವುದಿಲ್ಲ. ಅದು ಕೃತಿಯಿಂದ ಜಾರಿ ಕರ್ತೃವಿನ ಮೇಲೆ ಬೀಳುತ್ತದೆ, ಕರ್ತೃವಿನಿಂದ ಅವನ ಉಳಿದ ಕೃತಿಗಳ ಮೇಲೆ ಹರಡುತ್ತದೆ. ಕಡೆಗೆ ಕೇಳದೆ ಬಿಡುವುದಕ್ಕೆ ನೆವವಾಗುತ್ತದೆ. ಹೊಗಳಿಕೆಯು ಬಾಗಿಲನ್ನು ತೆರೆದಿಡುತ್ತದೆ, ಆದ್ದರಿಂದ ತಪ್ಪಾಗಿದ್ದರೆ ಮುಂದಿನ ಕೇಳ್ಮೆಯಲ್ಲಿ ತಿದ್ದಿಕೊಳ್ಳಬಹುದು. ತಿರಸ್ಕಾರವು ತನ್ನನ್ನು ತಿದ್ದಬಹುದಾಗಿದ್ದ ಸಾಕ್ಷಿಯನ್ನೇ ಹೊರಗಟ್ಟುತ್ತದೆ. ಮುಂಚೆಯೂ ಆಚೆಯೂ ಇರುವುದನ್ನು ಕೇಳಿದವನು 'ಸಿಪ್ಪೆ' ಎಂದರೆ ಆ ಮಾತು 1984ರ ಆ ಮುದ್ರಿಕೆಯ ಎಲ್ಲೆಯನ್ನು ದಾಟದು.

ತೋಟ ಕೊಂಡ ಹೊಸ ಯಜಮಾನನಿಗೆ ನಮ್ಮ ಹಿರಿಯರು ಹೇಳುತ್ತಿದ್ದುದೂ ಇಂಥದ್ದೇ. ಕೊಂಡ ವರ್ಷವೇ ಯಾವ ಗಿಡವನ್ನೂ ಕೀಳಬೇಡ. ಹೂಮಳೆಯಿಂದ ಹಿಡಿದು ಮರಗಸಿಯನ್ನೂ ಮುಂಗಾರನ್ನೂ ಕಳೆದು ಕುಯ್ಲಿನವರೆಗೆ ಒಂದು ಸುತ್ತು ನೋಡು. ಹಳೆಯ ತೋಟದಲ್ಲಿ ಒಂದು ಮೂಲೆಯಲ್ಲಿ ಕೆಂಟ್ಸ್ ತಳಿ ಉಳಿದಿರುತ್ತದೆ, ಇನ್ನೊಂದೆಡೆ ಬಾಳೆಹೊನ್ನೂರಿನ ಸಂಶೋಧನಾಕೇಂದ್ರವು ಕೊಟ್ಟ ಎಸ್. 795 ಇರುತ್ತದೆ. ಎರಡನೆಯದರ ರಕ್ತದಲ್ಲಿ ಮೊದಲನೆಯದು ಸೇರಿದೆಯೆಂದು ತಿಳಿಯದವನು ಹಳತನ್ನು ಕೊಳ್ಳಿಯೆಂದು ಕಡಿಸಿಬಿಡುತ್ತಾನೆ.

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ಇದೆಲ್ಲ ಒಬ್ಬನ ಕೃತಿಯೇ? ತಂಡದಲ್ಲಿ ಮೊದಲಿನಿಂದ ಇಂದಿನವರೆಗೆ ಇರುವವನು ಆಂಡರ್ಸನ್ ಒಬ್ಬನೇ. ಮೊದಲ ಮುದ್ರಿಕೆಯಾದೊಡನೆ ಗಿಟಾರಿನವನು ಹೋಗಿ ಮಾರ್ಟಿನ್ ಬಾರ್ ಎಂಬವನು ಬಂದನು. ನಾಲ್ಕು ದಶಕ ಇದ್ದ ಅವನೂ ಈಗಿಲ್ಲ. 1980ರ 'ಎ' ಎಂಬುದು ಆಂಡರ್ಸನ್ನನ ಸ್ವಂತ ಕೃತಿಯಾಗಬೇಕಿತ್ತು. ಸುರುಳಿಗಳ ಮೇಲೆ ಅವನ ಹೆಸರಿನ ಮೊದಲಕ್ಷರವಿತ್ತು. ಮುದ್ರಿಕೆಯ ಕಂಪನಿಯವರ ಇಚ್ಛೆಯಂತೆ ಅದು ತಂಡದ ಹೆಸರಿನಲ್ಲಿ ಹೊರಟಿತು. ಹೀಗಿರಲು ಜೆತ್ರೋ ಟಲ್ ಎಂಬುದು ಯಾವುದು? ನಮ್ಮ ಮಲೆನಾಡಿಗೆ ಬರುವ ಯಕ್ಷಗಾನ ಮೇಳಗಳನ್ನು ನೋಡಿದವರಿಗೆ ಇದು ದೊಡ್ಡ ಸಮಸ್ಯೆಯಲ್ಲ. ಭಾಗವತರು ಬದಲಾದರು, ಚೆಂಡೆಯವರು ಬದಲಾದರು, ಅಜ್ಜನ ಕಾಲದ ಸ್ತ್ರೀವೇಷದವರು ಎಂದೋ ತೀರಿಕೊಂಡರು. ಮಂದಾರ್ತಿಯ ಮೇಳ ಮಂದಾರ್ತಿಯದೇ, ಧರ್ಮಸ್ಥಳದ್ದು ಧರ್ಮಸ್ಥಳದ್ದೇ. ಅಲ್ಲಿ ಐಕ್ಯವನ್ನು ಕೊಡುವುದು ಕ್ಷೇತ್ರದ ದೇವರು ಮತ್ತು ಪ್ರಸಂಗಗಳ ಸಂಪತ್ತು. ಇಂಗ್ಲೆಂಡಿನ ತಂಡಕ್ಕೆ ದೇವರಿಲ್ಲ. ಹಾಡುಗಳ ಸಂಪತ್ತೂ ಒಬ್ಬ ಮುದುಕನ ಉಸಿರೂ ಇವೆ. ಆ ಉಸಿರು ನಿಂತ ಮೇಲೆ ಆ ಹೆಸರನ್ನು ಇನ್ನೊಬ್ಬರು ಧರಿಸಿದರೆ ಸಲ್ಲುವುದೇ ಎಂದು ಕೇಳಿದರೆ, ಸಲ್ಲದೆಂದೇ ನನಗೆ ತೋರುತ್ತದೆ.

ಆ ಉಸಿರಿನ ಮಾತು. ಆಂಡರ್ಸನ್ ಕೊಳಲು ನುಡಿಸುವವನು; ಅದೂ ಒಂಟಿ ಕಾಲಿನಲ್ಲಿ ನಿಂತು. ನಮ್ಮ ಹೊಯ್ಸಳ ವೇಣುಗೋಪಾಲನು ಒಂದು ಕಾಲನ್ನು ಅಡ್ಡವಿಟ್ಟರೂ ಅದರ ತುದಿಯನ್ನು ನೆಲಕ್ಕೆ ತಾಗಿಸಿಯೇ ಇರುತ್ತಾನೆ, ಈತನು ಮೇಲಕ್ಕೆತ್ತಿಬಿಡುತ್ತಾನೆ. ಗಿಟಾರಿನಲ್ಲಿ ಇತರರನ್ನು ಮೀರಲಾರೆನೆಂದು ಕಂಡು, ಗುರುವಿಲ್ಲದೆ ಕೊಳಲನ್ನು ಹಿಡಿದವನಿವನು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜಗತ್ತೆಲ್ಲ ನುಡಿಸಿ ಕೀರ್ತಿವಂತನಾದ ಮೇಲೆ, 1990ರ ದಶಕದಲ್ಲಿ, ಶಾಲೆಯಲ್ಲಿ ಕೊಳಲು ಕಲಿಯುತ್ತಿದ್ದ ಮಗಳ ಪಾಠದಿಂದ ತನ್ನ ಬೆರಳಿಡುವ ಕ್ರಮವು ಶಾಸ್ತ್ರೀಯವಲ್ಲವೆಂದು ತಿಳಿದು, ಮತ್ತೆ ಮೊದಲಿನಿಂದ ಕಲಿತನು. ಈ ವೃತ್ತಾಂತವನ್ನು ತಿಳಿದು 1969ರ 'ಸ್ಟ್ಯಾಂಡ್ ಅಪ್'ನಲ್ಲಿರುವ ಬಾಖ್ ಮಹಾಶಯನ ಬೂರೇಯನ್ನು ಮತ್ತೊಮ್ಮೆ ಕೇಳಿದೆನು. ತಪ್ಪು ಬೆರಳಿನ ಆ ನುಡಿಸಾಣಿಕೆಯೇ ಎಷ್ಟು ಸೊಗಸಾಗಿದೆ! ಆದರೂ ಅವನು ಅದರಲ್ಲಿ ತೃಪ್ತನಾಗಲಿಲ್ಲ. ಐವತ್ತರ ಸಮೀಪದಲ್ಲಿ ಹೊಸ ಪಾಠಕ್ಕೆ ಕುಳಿತ ಉಪಾಧ್ಯಾಯರನ್ನು ನಾನು ಹೆಚ್ಚು ಕಂಡಿಲ್ಲ.

ಇದರಿಂದ ಕಡೆಗೆ ಬಂದವನಿಗೆ ಮಾತ್ರ ದೊರೆಯುವ ಒಂದು ವಿಚಿತ್ರವಾದ ಜ್ಞಾನವುಂಟೆಂಬುದು ಹೊಳೆಯುತ್ತದೆ. 1977ರ 'ಸಾಂಗ್ಸ್ ಫ್ರಮ್ ದಿ ವುಡ್' ಎಂಬ ವನಗೀತೆಗಳನ್ನು ಆಗ ಕೊಂಡು ಕೇಳಿದ ತರುಣನಿಗೆ ಮುಂದೇನೆಂದು ತಿಳಿದಿರಲಿಲ್ಲ. ನನಗೆ ತಿಳಿದಿದೆ. ಅದರಲ್ಲಿ ಮಂದ್ರದ ತಂತಿಗಳನ್ನು ಮೀಟುತ್ತಿರುವ ಜಾನ್ ಗ್ಲಾಸ್ಕಾಕ್ 1979ರ ನವೆಂಬರಿನಲ್ಲಿ ಇಪ್ಪತ್ತೆಂಟನೆಯ ವಯಸ್ಸಿಗೆ ತೀರಿಕೊಳ್ಳುತ್ತಾನೆ. ಅವನಿಗೆ ತಿಳಿಯದ ಅವನ ಕಡೆಯನ್ನು ನಾನು ತಿಳಿದು ಕೇಳುತ್ತಿದ್ದೇನೆ. ಒಂದೇ ಮಧ್ಯಾಹ್ನದಲ್ಲಿ ಆಂಡರ್ಸನ್ನನ ಇಪ್ಪತ್ತೊಂದರ ಕಂಠವನ್ನೂ 2022ರ 'ದಿ ಝೆಲಟ್ ಜೀನ್'ನಲ್ಲಿಯ ಎಪ್ಪತ್ತನ್ನು ದಾಟಿದ ಕಂಠವನ್ನೂ ಕೇಳಿದೆನು. ತಾರಕ್ಕೆ ಏರಲಾರದ ಕಂಠವು ಈಗ ನೆಲದ ಬಳಿಯೇ ಎಚ್ಚರಿಕೆಯಿಂದ ನಡೆಯುತ್ತದೆ. ಕೂಡ ಬೆಳೆದ ಶ್ರೋತೃಗಳಿಗೆ ಈ ಇಳಿತವು ವರ್ಷ ವರ್ಷಕ್ಕೆ ಕಾಣದಂತೆ ಆಯಿತು. ನನಗೆ ಮಳೆಯ ಒಂದು ಹೊತ್ತಿನಲ್ಲಿ ಆಯಿತು. ಇಂಥ ಜ್ಞಾನವಿದ್ದವನು ನ್ಯಾಯಾಧೀಶನ ಪೀಠದಲ್ಲಿ ಕುಳ್ಳಿರಲಾರನು. ಅವನ ಸ್ಥಾನವು ಮನೆಯಲ್ಲಿ ತೀರಿಕೊಂಡವರ ಪೆಟ್ಟಿಗೆಯಿಂದ ಹಳೆಯ ಕಾಗದಗಳನ್ನು ತೆಗೆದು ಓದುವ ಮೊಮ್ಮಗಳ ಸ್ಥಾನ.

ಪರದೇಶದವನ ಮರೆತ ರಾಶಿಯ ಮುಂದೆ ಹೇಗೆ ನಿಲ್ಲಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉದಾಹರಣೆಯಿದೆ. ರಷ್ಯಾದೇಶದ ನಿಕೊಲಾಯ್ ಮೆಟ್ನರ್ (1880–1951) ಎಂಬ ವಾಗ್ಗೇಯಕಾರನು ಲಂಡನ್ನಿನಲ್ಲಿ ನೆಲಸಿ ವೃದ್ಧಾಪ್ಯದಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದನು. 1940ರ ದಶಕದ ಕೊನೆಯಲ್ಲಿ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು ಹಣ ಒದಗಿಸಿ, ಅವನ ಮೂರು ಪಿಯಾನೋ ಕಾಂಚೆರ್ಟೋಗಳನ್ನೂ ಇತರ ಅನೇಕ ಕೃತಿಗಳನ್ನೂ ಅವನ ಕೈಯಿಂದಲೇ ನುಡಿಸಿ ಮುದ್ರಿಸುವಂತೆ ಮಾಡಿದರು. ಮೆಟ್ನರನು ತನ್ನ ಮೂರನೆಯ ಕಾಂಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದನು. ಒಡೆಯರಿಗೂ ಜನಪ್ರಿಯವಾದ ಹತ್ತು ತುಣುಕುಗಳನ್ನು ಆರಿಸಿಕೊಡುವವರು ಇದ್ದೇ ಇದ್ದಿರಬೇಕು. ಅವರು ರಾಶಿಯನ್ನು ಉಳಿಸಿದರು, ತೀರ್ಪನ್ನು ಮುಂದಿನವರಿಗೆ ಬಿಟ್ಟರು. ಅವರೇ ಸಂಸ್ಕೃತದಲ್ಲಿ ಕರ್ಣಾಟಕ ಸಂಗೀತದ ಕೃತಿಗಳನ್ನು ರಚಿಸಿದವರೆಂಬುದನ್ನು, ಪರದೇಶದ ಸಂಗೀತವನ್ನು ಕೇಳಿದರೆ ಸ್ವದೇಶದ್ದು ಸಡಿಲವಾಗುವುದೆಂದು ಅಂಜುವ ಗೃಹಸ್ಥರು ಗಮನಿಸಬೇಕು.

ಮೊಮ್ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆನು. ಅವನು ಒಪ್ಪಿದನೆಂದು ಹೇಳಲಾರೆ. "ಅಷ್ಟು ಹೊತ್ತು ಯಾರಿಗಿದೆ ಅಜ್ಜಯ್ಯ?" ಎಂದನು. ಈ ಆಕ್ಷೇಪಕ್ಕೆ ನನ್ನಲ್ಲಿ ಶಾಸ್ತ್ರೀಯವಾದ ಉತ್ತರವಿಲ್ಲ. ಹೊತ್ತಿಲ್ಲದವನು ಕೇಳದೆ ಇರಲಿ, ಕೇಳದುದನ್ನು ಕುರಿತು ಸುಮ್ಮನಿರಲಿ ಎಂದೆನು. ಆಗ ಅವನು ಬೆಂಗಳೂರಿನಲ್ಲಿಯೇ ಇಂಥ ತಂಡವೊಂದಿದೆಯೆಂದೂ, ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ಹೆಸರಿನ ಅದು 1996ರಿಂದ ನಡೆದುಬಂದಿದೆಯೆಂದೂ ತಿಳಿಸಿದನು. ಅವರ ಮೊದಲ ಮುದ್ರಿಕೆ 2000ದ್ದು. 2012ರಲ್ಲಿ ಆಟೋರಿಕ್ಷಾದ ಮೂರು ಚಕ್ರಗಳನ್ನು ಹೆಸರಿನಲ್ಲಿಟ್ಟು ಮೂರು ತಟ್ಟೆಗಳ ಒಂದು ದೊಡ್ಡ ಸಂಗ್ರಹವನ್ನೇ ತಂದರಂತೆ. ಅದನ್ನೇ ಮೊದಲು ಕಳುಹಿಸಲೇ ಎಂದು ಕೇಳಿದನು. ಆಟೋರಿಕ್ಷಾ ನನಗೆ ಪರಿಚಿತವಾದ ವಾಹನವಾದುದರಿಂದ ಪ್ರವೇಶಕ್ಕೆ ಅದು ಆಗಬಹುದು, ಆದರೆ 2000ದ್ದನ್ನೂ ಜೊತೆಗೆ ಕಳುಹಿಸೆಂದು ಹೇಳಿದ್ದೇನೆ.